ಗ್ರಾಮಗ್ರಂಥಾಲಯದ ವೃತ್ತಿಗೆ ಅಧಿಕಾರಿನಿರ್ಣಯ

ಕನ್ನಡನಾಡಿನಲ್ಲಿ ಬಾಗೇವಾಡಿಯೆಂಬ ಹೆಸರಿನ ಊರು ಒಂದೇ ಅಲ್ಲ. ವಿಜಯಪುರ ಜಿಲ್ಲೆಯದು ಬಸವಣ್ಣನವರ ಜನ್ಮಸ್ಥಳವೆಂಬ ಪ್ರಸಿದ್ಧಿಯಿಂದ ಬಸವನ ಬಾಗೇವಾಡಿಯೆನಿಸಿತು. ಬೆಳಗಾವಿ ತಾಲೂಕಿನದು ಹಿರೇ ಬಾಗೇವಾಡಿ. ಹುಕ್ಕೇರಿ ತಾಲೂಕಿನದು ಬೆಲ್ಲದ ಬಾಗೇವಾಡಿ. ವಿಶೇಷಣದ ಮುಖ್ಯ ಪ್ರಯೋಜನವು ವ್ಯಾವರ್ತನೆ, ಎಂದರೆ ಇತರವನ್ನು ಹೊರಗಿಟ್ಟು ಇದನ್ನೇ ತೋರಿಸುವುದು, ಎಂದು ಶಾಸ್ತ್ರಜ್ಞರು ಹೇಳುವರಷ್ಟೆ. ಆ ಮಾತಿಗೆ ಈ ಮೂರು ಊರುಗಳಿಗಿಂತ ಸುಲಭವಾದ ಉದಾಹರಣೆ ಬೇಡ. ಆದರೆ ಗ್ರಂಥಾಲಯಕ್ಕೆ ಬಂದ ಓದುಗನು ವಿಶೇಷಣವನ್ನು ಕೂಡಿಸಿ ಕೇಳುವುದು ವಿರಳ. ‘ಬಾಗೇವಾಡಿಯ ಚರಿತ್ರೆಯ ಪುಸ್ತಕವಿದೆಯೇ?’ ಎಂದಷ್ಟೇ ಕೇಳುತ್ತಾನೆ. ಮೇಜಿನ ಆಚೆ ಕುಳಿತವರು ‘ಯಾವ ಬಾಗೇವಾಡಿ?’ ಎಂದು ಮರುಪ್ರಶ್ನೆ ಮಾಡಬಲ್ಲವರಾದರೆ ಆತನ ಕಾರ್ಯವು ಅರ್ಧ ಆದಂತೆಯೇ. ಮಾಡಲಾರದವರಾದರೆ ಆತನು ಬಸವಪುರಾಣದ ಪ್ರತಿಯನ್ನು ಹಿಡಿದುಕೊಂಡು ಹುಕ್ಕೇರಿ ತಾಲೂಕಿನ ಚರಿತ್ರೆಯನ್ನು ಹುಡುಕುತ್ತ ಕೂಡುವನು.

ಈ ಮರುಪ್ರಶ್ನೆಯನ್ನು ಮಾಡುವ ಶಕ್ತಿಯು ಯಾವ ಪ್ರಮಾಣಪತ್ರದಿಂದ ಬರತಕ್ಕದ್ದು ಎಂಬುದೇ ಪ್ರಕೃತ ವಿಷಯ. ಪ್ರತಿಯೊಂದು ಶಾಸ್ತ್ರವೂ ತನ್ನ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧಗಳೊಡನೆ ಅಧಿಕಾರಿಯನ್ನೂ ನಿರ್ಣಯಿಸುತ್ತದೆ. ಇಲ್ಲಿ ಅಧಿಕಾರಿಯೆಂದರೆ ಆಜ್ಞೆ ಮಾಡುವವನಲ್ಲ, ಆ ಕಾರ್ಯಕ್ಕೆ ಅರ್ಹನಾದವನು. ಸಾರ್ವಜನಿಕ ಗ್ರಂಥಾಲಯದ, ಅದರಲ್ಲಿಯೂ ಹಳ್ಳಿಯ ಗ್ರಂಥಾಲಯದ, ವೃತ್ತಿಗೆ ಅಧಿಕಾರಿ ಯಾರೆಂಬುದನ್ನು ಸರಕಾರದ ನಿಯಮಗಳು ಒಂದು ಬಗೆಯಾಗಿ ಹೇಳುತ್ತವೆ; ಕಾರ್ಯದ ಸ್ವರೂಪವು ಇನ್ನೊಂದು ಬಗೆಯಾಗಿ ಹೇಳುತ್ತದೆ. ಎರಡೂ ಸಂಪೂರ್ಣವಾಗಿ ಹೊಂದುವುದಿಲ್ಲ.

ಮೊದಲು ಹೆಸರನ್ನು ನೋಡಬೇಕು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಳುಕ್ಯ ತ್ರೈಲೋಕ್ಯಮಲ್ಲನ ಕಾಲದ, ಕ್ರಿ. ಶ. ೧೦೫೮ರ ಶಾಸನವೊಂದಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನಕ್ಕೆ ಇನ್ನೂರು ಮಂದಿ, ಶಾಸ್ತ್ರಾಧ್ಯಯನಕ್ಕೆ ಐವತ್ತು ಮಂದಿ ವಿದ್ಯಾರ್ಥಿಗಳಿಗೆ ಏರ್ಪಾಡಾಗಿದ್ದಿತೆಂದು ತಿಳಿಯುತ್ತದೆ. ಅದೇ ಶಾಸನದಲ್ಲಿ ಉಪಾಧ್ಯಾಯರ ಸಾಲಿನಲ್ಲಿಯೇ ಆರು ಮಂದಿ ಸರಸ್ವತೀಭಂಡಾರಿಗರೂ ಹೇಳಲ್ಪಟ್ಟಿದ್ದಾರೆ. ಇನ್ನೂರೈವತ್ತು ಓದುಗರಿಗೆ ಆರು ಮಂದಿ ಗ್ರಂಥಪಾಲರೆಂಬ ಈ ಪ್ರಮಾಣವು ಇಂದಿನ ಯಾವ ಕಾಲೇಜಿಗೂ ನಾಚಿಕೆಯನ್ನು ತರುವಂಥದು. ಅದಕ್ಕಿಂತ ಗಮನಿಸತಕ್ಕದ್ದು ಹೆಸರು. ಭಂಡಾರವು ಸರಸ್ವತಿಯದು, ಅದನ್ನು ನೋಡಿಕೊಳ್ಳುವವನು ಭಂಡಾರಿಗ. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ಈ ಕೆಲಸವನ್ನು ಮಾಡುವವರಿಗೆ ‘ಮೇಲ್ವಿಚಾರಕ’ರೆಂದು ಹೆಸರು. ಕೆಳಗೆ ಒಬ್ಬ ಆಳೂ ಇಲ್ಲದೆ, ಬಾಗಿಲು ತೆಗೆಯುವುದರಿಂದ ಹಿಡಿದು ಪಟ್ಟಿ ಬರೆಯುವವರೆಗೆ ಎಲ್ಲವನ್ನೂ ತಾನೊಬ್ಬನೇ ಮಾಡುವವನು ಯಾರ ಮೇಲೆ ವಿಚಾರ ಮಾಡಬೇಕೋ ತಿಳಿಯದು. ಹೆಸರಿನಲ್ಲಿ ಪುಸ್ತಕದ ಸುಳಿವೇ ಇಲ್ಲದ್ದರಿಂದ, ಇದು ಕಾವಲಿನ ಕೆಲಸವೆಂಬ ಭಾವನೆಯು ಜನರಲ್ಲಿ ಬೇರೂರಿದುದು ಆಶ್ಚರ್ಯವಲ್ಲ.

ಇನ್ನು ನಿಯಮ. ಅಂದಿನ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ೧೯೬೫ರಲ್ಲಿ ಆಯಿತು. ಅದರ ಮೂಲ ಕರಡಿನಲ್ಲಿ ಡಾ. ಶಿ. ರಾ. ರಂಗನಾಥನ್ ಅವರ ಕೈಯಿದ್ದಿತು. ೧೯೬೬ರ ನವೆಂಬರಿನಲ್ಲಿ ಪ್ರತ್ಯೇಕ ಇಲಾಖೆಯು ಏರ್ಪಟ್ಟಿತು. ಸ್ಥಳೀಯ ಸಂಸ್ಥೆಗಳು ಎತ್ತುವ ಕರದ ಮೇಲೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯದ ಉಪಕರವು ಕೂಡುತ್ತದೆ. ಎಂದರೆ ಮನೆಪಟ್ಟಿ ಕಟ್ಟುವ ಪ್ರತಿಯೊಬ್ಬ ಗೃಹಸ್ಥನೂ, ಓದಲಿ ಓದದಿರಲಿ, ಈ ಭಂಡಾರದ ಪಾಲುದಾರನೇ. ಐದು ಸಾವಿರದ ಆರುನೂರಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ೧೯೧೯ರಲ್ಲಲ್ಲ, ನೂರು ವರ್ಷಗಳು ಕಳೆದು ೨೦೧೯ರಲ್ಲಿ, ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. ಈಗ ಅವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ. ಮೇಲ್ವಿಚಾರಕರ ನೇಮಕಕ್ಕಾಗಿ ಜಿಲ್ಲಾ ಪಂಚಾಯಿತಿಗಳು ಇತ್ತೀಚೆಗೆ ಹೊರಡಿಸಿದ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅರ್ಹತೆಗಳು ಇವು: ದ್ವಿತೀಯ ಪಿ.ಯು.ಸಿ. ತೇರ್ಗಡೆ, ಗ್ರಂಥಾಲಯವಿಜ್ಞಾನದ ಸರ್ಟಿಫಿಕೇಟು, ಮೂರು ತಿಂಗಳಿಗೆ ಕಡಿಮೆಯಿಲ್ಲದ ಕಂಪ್ಯೂಟರ್ ಶಿಕ್ಷಣ, ಮತ್ತು ಅದೇ ಪಂಚಾಯಿತಿಯ ವ್ಯಾಪ್ತಿಯಲ್ಲಿ ವಾಸ. ಮೇಲಿನ ಹಂತದ ಹುದ್ದೆಗಳಿಗೆ ಗ್ರಂಥಾಲಯವಿಜ್ಞಾನದ ಡಿಪ್ಲೊಮಾ, ಪದವಿಯ ಮೇಲಿನ ಬಿ.ಲಿಬ್., ಎಂ.ಲಿಬ್. ಮುಂತಾದುವು ಬೇಕಾಗುತ್ತವೆ. ಕಾಲೇಜಿನ ಗ್ರಂಥಪಾಲರ ಮಾತು ಬೇರೆ; ಅವರು ಅಧ್ಯಾಪಕರಂತೆಯೇ ಸ್ನಾತಕೋತ್ತರ ಪದವಿಯನ್ನೂ ಅರ್ಹತಾಪರೀಕ್ಷೆಯನ್ನೂ ದಾಟಿ ಬರಬೇಕು.

ಈ ನಾಲ್ಕು ಅರ್ಹತೆಗಳಲ್ಲಿ ಯಾವುದೂ ತಪ್ಪಲ್ಲ. ಕೊನೆಯದಾದ ಸ್ಥಳೀಯವಾಸವನ್ನು ಕೆಲವರು ಕೇವಲ ಅನುಕೂಲವೆಂದೆಣಿಸುವರು. ವಾಸ್ತವವಾಗಿ ಅದೇ ನಾಲ್ಕರಲ್ಲಿ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಮರುಪ್ರಶ್ನೆಯು ಹುಟ್ಟುವುದು ಊರಿನ ತಿಳಿವಿನಿಂದ. ಕೊರತೆಯಿರುವುದು ಬೇರೆ ಕಡೆ. ಕನ್ನಡ ಗ್ರಂಥಗಳ, ಕನ್ನಡ ಗ್ರಂಥಕಾರರ ಪರಿಚಯವನ್ನು ಈ ಪಟ್ಟಿಯಲ್ಲಿ ಯಾರೂ ಕೇಳುವುದಿಲ್ಲ.

ಪ್ರಮಾಣಪತ್ರವಿಲ್ಲದೆ ಈ ವೃತ್ತಿಗೆ ಬಂದು ಅದನ್ನೇ ಬೆಳಗಿದವರು ಉಂಟು. ರಂಗನಾಥನ್ ಅವರೇ ಗಣಿತದ ಅಧ್ಯಾಪಕರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕವಾದಾಗ ಅವರಿಗೆ ಗ್ರಂಥಾಲಯಶಿಕ್ಷಣವು ಕಿಂಚಿತ್ತೂ ಆಗಿರಲಿಲ್ಲ. ಅದಕ್ಕೂ ಮುಂಚೆ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯೋಲೆಯ ಕಟ್ಟನ್ನು ಬಿಚ್ಚಿ, ಅದು ಶತಮಾನಗಳಿಂದ ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ಅವರು. ಅದನ್ನು ಕೇವಲ ಸಂಖ್ಯೆ ಬರೆದು ಬೀರುವಿನಲ್ಲಿಡುವ ಭಂಡಾರಿಗನ ಕೈಗೆ ಆ ಕಟ್ಟು ಸಿಕ್ಕಿದ್ದರೆ ಏನಾಗುತ್ತಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಈ ಎರಡು ದೃಷ್ಟಾಂತಗಳಿಂದ ಶಿಕ್ಷಣವೇ ಬೇಡವೆಂದು ಸಾಧಿಸಹೊರಡುವುದು ಅತಿವ್ಯಾಪ್ತಿ. ರಂಗನಾಥನ್ ಅವರು ನೇಮಕವಾದ ವರ್ಷವೇ ಲಂಡನ್ನಿಗೆ ಹೋಗಿ ಗ್ರಂಥಾಲಯಶಾಸ್ತ್ರವನ್ನು ಕಲಿತು ಬಂದರು. ಬಂದ ಮೇಲೆ ಮದರಾಸಿನಲ್ಲಿ ಕಲಿಸಲೂ ತೊಡಗಿದರು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಯಿಸಿ, ಮರುವರ್ಷವೇ ಶಿಕ್ಷಣದ ತರಗತಿಯನ್ನು ತೆರೆಯಿಸಿದುದೂ ಇದೇ ಅರಿವಿನಿಂದ. ವಿದ್ವತ್ತು ಬೇಕು, ವಿಧಾನವೂ ಬೇಕು. ವಿಧಾನವನ್ನು ಆರು ತಿಂಗಳಲ್ಲಿ ಕಲಿಸಬಹುದು, ವಿದ್ವತ್ತನ್ನು ಕಲಿಸಲಾಗದು, ಇಷ್ಟೇ ಭೇದ.

ವಿಧಾನದಲ್ಲಿಯೂ ಭಾಷೆಯ ತಿಳಿವಳಿಕೆ ಎಷ್ಟು ಒಳಹೊಕ್ಕಿದೆಯೆಂಬುದನ್ನು ಗ್ರಂಥಸೂಚಿಯ ಕೆಲಸವು ತೋರಿಸುತ್ತದೆ. ಪುಸ್ತಕವನ್ನು ಯಾರ ಹೆಸರಿನಲ್ಲಿ ದಾಖಲೆ ಮಾಡಬೇಕು? ಸುಲಭವೆಂದು ತೋರುವ ಈ ಪ್ರಶ್ನೆಯು ಕನ್ನಡದಲ್ಲಿ ಸುಲಭವಲ್ಲ. ಹಳೆಯ ಮೈಸೂರಿನ ಪದ್ಧತಿಯಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಲ್ಲಿ ಕೊನೆಯ ಪದವೇ ಅವರನ್ನು ಕರೆಯುವ ಹೆಸರು. ಮುಂಬಯಿ ಕರ್ನಾಟಕದ ಪದ್ಧತಿಯಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆ, ಕೊನೆಗೆ ಅಡ್ಡಹೆಸರು. ಆ ಅಡ್ಡಹೆಸರು ಊರೇ ಆಗಿರುವುದುಂಟು. ವಿನಾಯಕ ಕೃಷ್ಣ ಗೋಕಾಕರು ೧೯೦೯ರಲ್ಲಿ ಹುಟ್ಟಿದುದು ಸವಣೂರಿನಲ್ಲಿ. ಹೆಸರಿನಲ್ಲಿ ಮಾತ್ರ ಗೋಕಾಕವಿದೆ. ಅವರ ಕಾವ್ಯನಾಮವು ‘ವಿನಾಯಕ’ವೆಂಬ ಅವರ ಸ್ವಂತ ಹೆಸರೇ. ಹೀಗಿರುವಾಗ, ಗೋಕಾಕ ತಾಲೂಕಿನ ಲೇಖಕರನ್ನು ಒಂದೆಡೆ ಜೋಡಿಸಹೊರಟ ಅನಭಿಜ್ಞನು ಗೋಕಾಕರನ್ನು ಅಲ್ಲಿಗೆ ಸೇರಿಸುವನು. ನಿಜವಾಗಿ ಆ ತಾಲೂಕಿನವರಾದ ಬೆಟಗೇರಿ ಕೃಷ್ಣಶರ್ಮರನ್ನು, ಗದಗಿನ ಪಕ್ಕದ ಬೆಟಗೇರಿಯವರೆಂದು ಭ್ರಮಿಸಿ ಬಿಟ್ಟುಬಿಡುವನು.

ಕೃಷ್ಣಶರ್ಮರ ವಿಷಯವು ಇನ್ನೂ ತೊಡಕಿನದು. ಅವರ ಪುಸ್ತಕಗಳ ಮೇಲೆ ಕೆಲವೆಡೆ ‘ಆನಂದಕಂದ’, ಕೆಲವೆಡೆ ‘ಬೆಟಗೇರಿ ಕೃಷ್ಣಶರ್ಮ’ ಎಂದಿರುತ್ತದೆ. ಇಲ್ಲಿ ಊರಹೆಸರು ಹಿಂದೆ ಬರದೆ ಮುಂದೆ ಬಂದಿದೆ. ಆನಂದಕಂದ, ಕೃಷ್ಣಶರ್ಮ, ಬೆಟಗೇರಿ ಎಂಬ ಮೂರು ಸ್ಥಳಗಳಲ್ಲಿ ಒಬ್ಬರೇ ಕವಿ ಚೆದರಿ ಹೋಗಬಹುದು. ಒಂದನ್ನು ಮುಖ್ಯವಾಗಿಟ್ಟುಕೊಂಡು ಉಳಿದೆರಡರಿಂದ ಅದರ ಕಡೆಗೆ ಕೈತೋರುವ ಚೀಟಿಗಳನ್ನು ಬರೆಯುವುದು ಸೂಚಿಕಾರನ ಕರ್ತವ್ಯ. ಆದರೆ ಆನಂದಕಂದರೂ ಕೃಷ್ಣಶರ್ಮರೂ ಒಬ್ಬರೇ ಎಂಬುದು ಗೊತ್ತಿಲ್ಲದವನು ಆ ಚೀಟಿಯನ್ನು ಬರೆಯುವುದಾದರೂ ಹೇಗೆ? ಅಂಬಿಕಾತನಯದತ್ತರ ಕವನಸಂಗ್ರಹವನ್ನು ಒಂದು ಕಡೆ, ಬೇಂದ್ರೆಯವರ ಗದ್ಯವನ್ನು ಇನ್ನೊಂದು ಕಡೆ ಇಟ್ಟ ಬೀರುಗಳು ಅಪರೂಪವಲ್ಲ. ಪ್ರಾಚೀನ ಗ್ರಂಥಗಳಲ್ಲಿ ಕೃತಿಗೇ ಹಲವು ಹೆಸರು: ವಿಕ್ರಮಾರ್ಜುನವಿಜಯವೇ ಪಂಪಭಾರತ, ಕರ್ಣಾಟ ಭಾರತ ಕಥಾಮಂಜರಿಯೇ ಗದುಗಿನ ಭಾರತ, ಅದೇ ಕುಮಾರವ್ಯಾಸ ಭಾರತ, ಅದರ ಕರ್ತೃವೇ ನಾರಣಪ್ಪ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ಯಾವ ಗ್ರಂಥಾಲಯದಲ್ಲಿವೆಯೋ ಅಲ್ಲಿ ಈ ಸಂದೇಹಗಳಲ್ಲಿ ಬಹುಪಾಲು ತೀರುತ್ತವೆ; ಅವುಗಳನ್ನು ತೆರೆದು ನೋಡುವ ಅಭ್ಯಾಸವಿದ್ದರೆ ಮಾತ್ರ.

ಅಕಾರಾದಿಯ ಕ್ರಮವೂ ನಿರ್ವಿವಾದವಲ್ಲ. ಸ್ವರಗಳ ಬಳಿಕ ಬಿಂದುವಿಗೆ ಸ್ವತಂತ್ರಸ್ಥಾನವನ್ನು ಕೊಟ್ಟು ‘ಅಂಬಿಕೆ’ಯನ್ನು ‘ಅಕ್ಕ’ನಿಗಿಂತ ಮೊದಲು ಇಡುವುದು ಒಂದು ಪಕ್ಷ, ಬಿಂದುವು ಮುಂದಿನ ವರ್ಗದ ಅನುನಾಸಿಕವೇ ಆದುದರಿಂದ ಮಕಾರದ ಸ್ಥಾನದಲ್ಲಿ ಹುಡುಕಬೇಕೆಂಬುದು ಇನ್ನೊಂದು ಪಕ್ಷ. ಗ್ರಂಥಾಲಯದಲ್ಲಿ ಯಾವುದಾದರೂ ಒಂದು ಪಕ್ಷವನ್ನು ಹಿಡಿದು ಕಡೆಯವರೆಗೆ ಬಿಡದಿರಬೇಕು. ಕಂಪ್ಯೂಟರ್ ಬಂದ ಮೇಲೆ ಮೂರನೆಯ ಪಕ್ಷವೊಂದು ಹುಟ್ಟಿಕೊಂಡಿದೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಆಚೆ, ಕಟ್ಟಕಡೆಯದು. ಯೂನಿಕೋಡಿನ ಸಂಕೇತಕ್ರಮದಲ್ಲಿ ಅದು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಕುಳಿತಿದೆ. ಯಂತ್ರಕ್ಕೆ ಕನ್ನಡದ ಕ್ರಮವನ್ನು ಬೇರೆಯಾಗಿ ತಿಳಿಸದಿದ್ದರೆ ‘ಬಳ್ಳಾರಿ’ಯು ‘ಬಸವ’ನಿಗಿಂತ ಮುಂದೆ ಬಂದು ನಿಲ್ಲುತ್ತದೆ. ಇದನ್ನು ಕಂಡು ‘ಇಲ್ಲಿ ಕ್ರಮ ತಪ್ಪಿದೆ’ ಎಂದು ಹೇಳಬಲ್ಲವನು ವರ್ಣಮಾಲೆಯನ್ನು ಬಾಯಿಪಾಠ ಮಾಡಿದವನೇ ಹೊರತು ಮೂರು ತಿಂಗಳ ಶಿಕ್ಷಣದವನಲ್ಲ.

ಕಂಪ್ಯೂಟರಿನ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚು ಮಾಡಿದ ಪುಸ್ತಕಪಟ್ಟಿಗಳು ಅನೇಕ ಕಚೇರಿಗಳಲ್ಲಿ ಉಳಿದಿವೆ. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಹುಡುಕಿದರೆ ಏನೂ ದೊರೆಯದು. ಪಟ್ಟಿಯೇ ಹಾಳಾಯಿತೆಂದು ಅಳಿಸಿ ಹೊಸದಾಗಿ ಬರೆಯಹೊರಡುವುದು ವ್ಯರ್ಥಶ್ರಮ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಕಣ್ಣಿಟ್ಟು ತಿದ್ದಬೇಕು. ೨೦೨೦ರಲ್ಲಿ ರಾಜ್ಯವು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ತೆರೆದ ಮೇಲಂತೂ, ಊರಿನ ಹುಡುಗನಿಗೆ ಅದರಲ್ಲಿ ಹೆಸರು ದಾಖಲಿಸಿಕೊಟ್ಟು ಪುಸ್ತಕವನ್ನು ಹುಡುಕಲು ಕಲಿಸುವುದೂ ಇದೇ ವೃತ್ತಿಯ ಅಂಗವಾಗಿದೆ.

ವಿಷಯವಿಭಾಗದಲ್ಲಿ ಊರಿನ ಸ್ವಭಾವವು ನೇರವಾಗಿ ಕೈಹಾಕುತ್ತದೆ. ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲರು ೧೮೭೬ರಲ್ಲಿ ಪ್ರಕಟಿಸಿದ ದಶಾಂಶಪದ್ಧತಿಯು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಅದರಂತೆ ಕಬ್ಬಿನ ಬೇಸಾಯವು ಕೃಷಿಯ ಕೆಳಗೆ ೬೩೩.೬೧ರಲ್ಲಿ ಬರುತ್ತದೆ, ಸಕ್ಕರೆ ಬೆಲ್ಲಗಳ ತಯಾರಿಕೆಯು ಆಹಾರೋದ್ಯಮದ ಕೆಳಗೆ ೬೬೪.೧ರಲ್ಲಿ. ಬೆಲ್ಲದ ಬಾಗೇವಾಡಿಯಂಥ ಊರಿನಲ್ಲಿ ಗದ್ದೆಯಿಂದ ಗಾಣಕ್ಕೆ, ಗಾಣದಿಂದ ಕೊಪ್ಪರಿಗೆಗೆ ಇರುವ ದಾರಿಯು ಒಂದೇ. ಪುಸ್ತಕದ ಕಪಾಟಿನಲ್ಲಿ ಮಾತ್ರ ಅವುಗಳ ನಡುವೆ ಮನೆವಾರ್ತೆ, ವ್ಯಾಪಾರ, ರಸಾಯನೋದ್ಯಮಗಳೆಲ್ಲ ಅಡ್ಡ ನಿಂತಿರುತ್ತವೆ. ಸಂಖ್ಯೆಯನ್ನು ಬದಲಿಸಬೇಕಾಗಿಲ್ಲ. ‘ಬೆಲ್ಲ’ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಎರಡು ಸಂಖ್ಯೆಗಳನ್ನೂ ಬರೆದ ಚೀಟಿಯೊಂದಿದ್ದರೆ ರೈತನಿಗೆ ಎರಡೂ ದೊರೆಯುತ್ತವೆ. ಓದುಗನ ಕಾಲವನ್ನು ಉಳಿಸಬೇಕೆಂದು ರಂಗನಾಥನ್ ಅವರು ೧೯೩೧ರ ತಮ್ಮ ಗ್ರಂಥದಲ್ಲಿ ಸೂತ್ರಪ್ರಾಯವಾಗಿ ಹೇಳಿದುದರ ಅರ್ಥವು ಇಂಥ ಸಣ್ಣ ಚೀಟಿಗಳಲ್ಲಿ ಫಲಿಸುತ್ತದೆ.

ಬಸವಾದಿ ಶರಣರ ವಚನಗಳನ್ನು ಎಲ್ಲಿಡಬೇಕೆಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಕನ್ನಡ ಸಾಹಿತ್ಯವೆಂದು ೮೯೪.೮೧೪ರಲ್ಲಿಯೇ? ಧರ್ಮವೆಂದು ಇನ್ನೂರರ ವರ್ಗದಲ್ಲಿಯೇ? ಡ್ಯೂಯಿಯವರು ಇನ್ನೂರರ ವರ್ಗದ ಬಹುಭಾಗವನ್ನು ಕ್ರೈಸ್ತಮತಕ್ಕೆ ಕೊಟ್ಟು, ಉಳಿದ ಮತಗಳೆಲ್ಲವನ್ನೂ ಇನ್ನೂರತೊಂಬತ್ತರ ಒಂದು ಮೂಲೆಯಲ್ಲಿ ಒತ್ತಿ ಕೂಡಿಸಿದ್ದಾರೆ. ಆ ಮೂಲೆಯಲ್ಲಿ ವಚನಗಳನ್ನಿಟ್ಟರೆ ಸಾಹಿತ್ಯದ ವಿದ್ಯಾರ್ಥಿಗೆ ಅವು ಕಾಣಿಸಲಾರವು; ಸಾಹಿತ್ಯದಲ್ಲಿಟ್ಟರೆ ಅನುಭಾವವನ್ನರಸಿ ಬಂದ ವೃದ್ಧನಿಗೆ ದೊರೆಯಲಾರವು. ಮೂಲವಚನಗಳನ್ನು ಸಾಹಿತ್ಯದಲ್ಲಿಯೂ ತತ್ತ್ವವಿಚಾರದ ಗ್ರಂಥಗಳನ್ನು ಧರ್ಮದಲ್ಲಿಯೂ ಇಡುವುದು ಯುಕ್ತವೆಂದು ತೋರುತ್ತದೆ. ಬೇರೆ ನಿರ್ಣಯವೂ ಸಾಧ್ಯ; ನಿರ್ಣಯ ಮಾಡುವವನು ವಚನವನ್ನು ಓದಿದವನಾಗಿರಬೇಕೆಂಬುದರಲ್ಲಿ ಮಾತ್ರ ವಿಕಲ್ಪವಿಲ್ಲ.

ಸ್ಥಳೀಯ ಚರಿತ್ರೆಯ ಪ್ರಶ್ನೆಗಳಲ್ಲಿ ಹೆಸರುಗಳ ಪರಿವರ್ತನೆಯೇ ದೊಡ್ಡ ತೊಡಕು. ೧೮೮೪ರಲ್ಲಿ ಮುಂಬಯಿ ಸರಕಾರವು ಅಚ್ಚು ಹಾಕಿಸಿದ ಗ್ಯಾಝೆಟಿಯರಿನ ಇಪ್ಪತ್ತೊಂದನೆಯ ಸಂಪುಟವು ಬೆಳಗಾವಿ ಜಿಲ್ಲೆಯದು. ಅದರ ತಾಲೂಕುಗಳ ಪಟ್ಟಿಯಲ್ಲಿ ಹುಕ್ಕೇರಿಯ ಹೆಸರಿಲ್ಲ. ಆ ಸೀಮೆಯನ್ನು ಚಿಕ್ಕೋಡಿಯ ಕೆಳಗೆ ಹುಡುಕಬೇಕು. ಅದಕ್ಕೂ ಹಿಂದಿನ ಶಾಸನಗಳಲ್ಲಿ ಈ ಜಿಲ್ಲೆಯ ಬಹುಭಾಗವು ರಟ್ಟರ ಆಳಿಕೆಯ ಕೂಂಡಿ ಮೂರುಸಾವಿರ, ಬೆಳಗಾವಿಯು ವೇಣುಗ್ರಾಮ. ಈಚೆಗೆ ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾಯಿತು. ಆದುದರಿಂದ ಹಳೆಯ ಪುಸ್ತಕಗಳಲ್ಲಿ ಗೋಕಾಕ ತಾಲೂಕಿನವೆಂದಿರುವ ಎಷ್ಟೋ ಹಳ್ಳಿಗಳು ಈಗ ಅಲ್ಲಿಯವಲ್ಲ. ೨೦೧೪ರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಗಳ ಇಂಗ್ಲಿಷ್ ರೂಪಗಳೂ ಬದಲಾದುವು. ಭಾಷೆಯ ವಿಷಯದಲ್ಲಿ, ಈ ಗಡಿಸೀಮೆಯಲ್ಲಿ ಮರಾಠಿಯನ್ನು ಓದಬಲ್ಲವರು ಬೇಕು. ದೇಸಾಯಿ ಕುಲಕರ್ಣಿ ಮನೆತನಗಳ ಹಳೆಯ ಕಾಗದಪತ್ರಗಳಲ್ಲಿ ಮೋಡಿ ಲಿಪಿಯೂ ಉಂಟು. ಅದನ್ನು ಓದಬೇಕೆಂದು ಹಳ್ಳಿಯ ಗ್ರಂಥಪಾಲನಿಗೆ ವಿಧಿಸುವುದು ಅತಿಯಾದೀತು. ಆದರೆ ರದ್ದಿಗೆ ಹೊರಟ ಕಟ್ಟನ್ನು ಕಂಡಾಗ ಇದು ಮೋಡಿಯೆಂದು ಗುರುತಿಸಿ, ತಡೆದು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೊ ವಿಶ್ವವಿದ್ಯಾಲಯಕ್ಕೊ ಬರೆಯುವಷ್ಟು ತಿಳಿವು ಇದ್ದರೆ ಸಾಕು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ, ನಾಡಿನಲ್ಲಿ ವಿರಳವಾದ ಸಂಸ್ಥೆಯ ವಾರ್ಷಿಕ ವರದಿಗಳು ಆ ತಾಲೂಕಿನ ಗ್ರಂಥಾಲಯಗಳಲ್ಲಿಯೇ ದೊರೆಯದಿದ್ದರೆ ಇನ್ನೆಲ್ಲಿ ದೊರೆಯಬೇಕು?

ರಕ್ಷಣೆಯ ಮಾತನ್ನು ವಿಸ್ತರಿಸಬೇಕಾಗಿಲ್ಲ. ಎಣ್ಣೆ, ನೀರು, ಸಡಿಲವಾದ ಕಟ್ಟು, ಇವುಗಳಿಂದ ಪುಸ್ತಕವನ್ನು ಕಾಪಾಡಬೇಕೆಂದು ಓಲೆಯ ಲಿಪಿಕಾರರು ಗ್ರಂಥಾಂತ್ಯದಲ್ಲಿ ಬೇಡಿಕೊಳ್ಳುತ್ತಿದ್ದುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಇದೆ. ಗೆದ್ದಲು ಮತ್ತು ಸೋರುವ ಮಾಳಿಗೆಗಳನ್ನು ಇವಕ್ಕೆ ಸೇರಿಸಿದರೆ ಪಟ್ಟಿಯು ಇಂದಿಗೂ ಸಾಕಾಗುತ್ತದೆ.

ಇವೆಲ್ಲವನ್ನೂ ಬಲ್ಲ ವ್ಯಕ್ತಿಯು ದೊರೆಯುವನೇ ಎಂದು ಆಕ್ಷೇಪಿಸಬಹುದು. ದೊರೆತಿರುವುದುಂಟು, ಉಳಿಸಿಕೊಳ್ಳುವ ರೀತಿಯೇ ಸರಿಯಾಗಿರಲಿಲ್ಲ. ಗ್ರಾಮಗ್ರಂಥಾಲಯಗಳ ಮೇಲ್ವಿಚಾರಕರು ದಶಕಗಳ ಕಾಲ ಅಲ್ಪವಾದ ಗೌರವಧನದ ಮೇಲೆ, ಅರೆಕಾಲದ ನೌಕರರೆಂಬ ಹೆಸರಿನಲ್ಲಿ ದುಡಿದವರು. ಅವರಲ್ಲಿ ಅನೇಕರು ಹತ್ತನೆಯ ತರಗತಿಯನ್ನು ಮುಗಿಸಿ ಬಂದವರು, ಸರ್ಟಿಫಿಕೇಟನ್ನು ಕಂಡವರಲ್ಲ. ಆದರೆ ಯಾವ ಮನೆಯ ಹುಡುಗಿ ಯಾವ ಕಾದಂಬರಿಯನ್ನು ಓದಿ ಮುಗಿಸಿದಳು, ಯಾವ ಮುದುಕನಿಗೆ ಪತ್ರಿಕೆಯನ್ನು ಓದಿ ಹೇಳಬೇಕು, ಪರೀಕ್ಷೆಗೆ ಕೂತ ಯಾವ ತರುಣನಿಗೆ ಯಾವ ಪುಸ್ತಕವನ್ನು ತೆಗೆದಿರಿಸಬೇಕು, ಎಂಬುದು ಅವರಿಗೆ ಕರತಲಾಮಲಕ. ಹೊಸ ಅರ್ಹತೆಗಳನ್ನು ಮುಂದೊಡ್ಡಿ ಇಂಥವರನ್ನು ಅನರ್ಹರೆನ್ನುವುದು ಅನ್ಯಾಯ ಮಾತ್ರವಲ್ಲ, ನಷ್ಟ. ಶಿಕ್ಷಣವನ್ನು ತಾಲೂಕಿನ ಸ್ಥಳಕ್ಕೆ ತಂದು ಅವರಿಗೆ ಕೊಡಬೇಕು. ವೇತನವು ಪ್ರಾಥಮಿಕ ಶಾಲೆಯ ಉಪಾಧ್ಯಾಯರದಕ್ಕೆ ಸಮೀಪವಾಗಿರಬೇಕು. ನಾಗಾವಿಯ ಶಾಸನವನ್ನು ಬರೆಯಿಸಿದವರು ಇಬ್ಬರನ್ನೂ ಒಂದೇ ಶಿಲೆಯಲ್ಲಿ ನಿಲ್ಲಿಸಿದ್ದರು.

ಹೊಸದಾಗಿ ನೇಮಕ ಮಾಡುವಲ್ಲಿ ಪ್ರಮಾಣಪತ್ರಗಳನ್ನು ನೋಡಿದ ಮೇಲೆ ಅರ್ಧ ಗಂಟೆಯ ಪ್ರಯೋಗಪರೀಕ್ಷೆಯೊಂದನ್ನು ಕೂಡಿಸಬಹುದು; ಅದಕ್ಕೆ ಖರ್ಚೇನೂ ತಗಲದು. ಹತ್ತು ಪುಸ್ತಕಗಳನ್ನು ಮೇಜಿನ ಮೇಲಿಡಬೇಕು. ಅವುಗಳಲ್ಲಿ ಆನಂದಕಂದರದೊಂದು, ಬೆಟಗೇರಿ ಕೃಷ್ಣಶರ್ಮರ ಹೆಸರಿನದೊಂದು, ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರದೊಂದು, ಬಸವರಾಜ ಕಟ್ಟೀಮನಿಯವರದೊಂದು, ಗದುಗಿನ ಭಾರತದ ಎರಡು ಬೇರೆ ಹೆಸರಿನ ಮುದ್ರಣಗಳು, ಕಬ್ಬಿನ ಬೇಸಾಯದ್ದೊಂದು, ಬೆಲ್ಲದ ಗಾಣದ್ದೊಂದು, ವಚನಗಳ ಸಂಗ್ರಹವೊಂದು, ಬೆಳಗಾವಿಯ ಗ್ಯಾಝೆಟಿಯರು ಇರಲಿ. ಅಭ್ಯರ್ಥಿಯು ಅವುಗಳಿಗೆ ಸೂಚಿಯ ಚೀಟಿಗಳನ್ನು ಬರೆದು ಕ್ರಮದಲ್ಲಿ ಜೋಡಿಸಲಿ. ಬಳಿಕ ಪರೀಕ್ಷಕನು ಓದುಗನಂತೆ ಎದುರಿಗೆ ನಿಂತು, ಬಾಗೇವಾಡಿಯ ಚರಿತ್ರೆಯ ಪುಸ್ತಕವಿದೆಯೇ ಎಂದು ಕೇಳಿ, ಅಭ್ಯರ್ಥಿಯು ಒಡನೆ ಕಪಾಟಿನ ಕಡೆಗೆ ನಡೆಯುವನೋ, ಮೊದಲು ಆತನ ಮುಖವನ್ನು ನೋಡುವನೋ ಎಂಬುದನ್ನು ಗಮನಿಸಲಿ.